ಪಾಲು ಕೇಳುವ ಮೊದಲು

ಪುಟ್ಟಿ, ನೀನು ರಾತ್ರಿ ಊಟಕ್ಕೂ ಏಳದೆ ಶಾರ್ಕ್ ಟ್ಯಾಂಕ್ ನೋಡುತ್ತಾ ಕೂರುತ್ತೀಯ ಎಂದು ನಿಮ್ಮಪ್ಪ ನನ್ನ ಹತ್ತಿರ ದೂರು ಹೇಳಿದ. ನೋಡಲಿ ಬಿಡೋ ಅಂದೆ. ನಿನ್ನ ವಯಸ್ಸಿನಲ್ಲಿ ನಮಗೆ ವ್ಯಾಪಾರದ ಮಾತು ಕಿವಿಗೆ ಬೀಳುವ ಜಾಗವೇ ಇರಲಿಲ್ಲ. ಅಂಗಡಿಯವರ ಮಕ್ಕಳು ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಕಲಿಯುತ್ತಿದ್ದರು. ಮೇಷ್ಟ್ರ ಮಕ್ಕಳು, ರೈತರ ಮಕ್ಕಳು ಸರ್ಕಾರಿ ನೌಕರಿಯ ಅರ್ಜಿ ತುಂಬುತ್ತಿದ್ದರು. ಈಗ ಸಣ್ಣ ಊರಿನ ಹೆಣ್ಣುಮಗಳೊಬ್ಬಳು ಟಿ.ವಿ.ಯಲ್ಲಿ ನಿಂತು, ನನ್ನ ಸರಕಿನ ಅಸಲು ಇಷ್ಟು, ಮಾರುವ ಬೆಲೆ ಇಷ್ಟು, ಕಳೆದ ತಿಂಗಳ ವ್ಯಾಪಾರ ಇಷ್ಟು ಎಂದು ಕೋಟ್ಯಧೀಶರ ಮುಖ ನೋಡಿ ಹೇಳುತ್ತಾಳೆ. ಇಡೀ ಮನೆ ಕೂತು ಅದನ್ನು ನೋಡುತ್ತದೆ. ಇದು ಸಣ್ಣ ಸಂಗತಿಯಲ್ಲ.

ನಾನೂ ನೋಡುತ್ತೇನೆ. ನನ್ನ ನೌಕರಿಯ ಬಹುಭಾಗ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಮೇಜಿನ ಹಿಂದೆ ಕಳೆಯಿತು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಬೆಂಗಳೂರಿನ ಕೆಲಸ ಬಿಟ್ಟು ದೊಡ್ಡಮ್ಮನ ಹುಚ್ಚೆಳ್ಳು ಚಟ್ನಿಪುಡಿಯನ್ನೇ ಉದ್ಯೋಗ ಮಾಡಿಕೊಳ್ಳುತ್ತೇನೆ ಎಂದು ನೀನು ಯೋಚಿಸುತ್ತಿದ್ದೀಯಂತೆ. ಬೇಡ ಎನ್ನುವವನು ನಾನಲ್ಲ. ಆದರೆ ಈ ಕಾರ್ಯಕ್ರಮದಿಂದ ಏನು ಕಲಿಯಬೇಕು, ಏನನ್ನು ನೋಡಿ ಮರೆತುಬಿಡಬೇಕು ಎನ್ನುವುದನ್ನು ಈಗಲೇ ಹೇಳದಿದ್ದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಈ ಆಟ ಹುಟ್ಟಿದ್ದು ಜಪಾನಿನಲ್ಲಿ, 2001ರಲ್ಲಿ. 2005ರಲ್ಲಿ ಬಿಬಿಸಿ ಅದನ್ನು ಡ್ರಾಗನ್ಸ್ ಡೆನ್ ಎಂಬ ಹೆಸರಿನಲ್ಲಿ ತಂದಿತು. 2009ರಲ್ಲಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಅದೇ ಶಾರ್ಕ್ ಟ್ಯಾಂಕ್ ಆಯಿತು. ನಮ್ಮ ದೇಶಕ್ಕೆ ಸೋನಿಯ ಮೂಲಕ ಬಂದದ್ದು 2021ರ ಡಿಸೆಂಬರಿನಲ್ಲಿ. ಎದುರು ಕುರ್ಚಿಯಲ್ಲಿ ಕೂರುವವರು ನಟರಲ್ಲ. ಲೆನ್ಸ್‌ಕಾರ್ಟ್‌ನ ಪೀಯೂಷ್ ಬನ್ಸಲ್, ಬೋಟ್‌ನ ಅಮನ್ ಗುಪ್ತಾ, ಶುಗರ್ ಕಾಸ್ಮೆಟಿಕ್ಸ್‌ನ ವಿನೀತಾ ಸಿಂಗ್, ಎಮ್‌ಕ್ಯೂರ್‌ನ ನಮಿತಾ ಥಾಪರ್ ಎಲ್ಲರೂ ನಿಜವಾಗಿ ವ್ಯಾಪಾರ ನಡೆಸುವವರು, ದುಡ್ಡು ಹಾಕುವವರು. ಆದರೂ ಅದು ಟಿ.ವಿ. ಕಾರ್ಯಕ್ರಮ ಎನ್ನುವುದು ನೆನಪಿರಲಿ. ಬಹಳ ಹೊತ್ತು ನಡೆದ ಮಾತುಕತೆಯನ್ನು ಕತ್ತರಿಸಿ ಕೆಲವು ನಿಮಿಷಕ್ಕೆ ಇಳಿಸುತ್ತಾರೆ. ಕತ್ತರಿಗೆ ಮೊದಲು ಸಿಕ್ಕುವುದು ಒಣ ಅಂಕಿಗಳು. ಉಳಿಯುವುದು ಕಣ್ಣೀರು, ವಾಗ್ವಾದ, ಚಪ್ಪಾಳೆ. ಕೊನೆಗೆ ಎಲ್ಲರೂ ಅಪ್ಪಿಕೊಂಡರು ಎಂದಾಕ್ಷಣ ದುಡ್ಡು ಖಾತೆಗೆ ಬಂತು ಎಂದುಕೊಳ್ಳಬೇಡ. ಅದಾದ ಮೇಲೆ ಲೆಕ್ಕಪರಿಶೋಧಕರು, ವಕೀಲರು ಬಂದು ಪುಸ್ತಕ ತೆರೆಸುತ್ತಾರೆ, ಜಿಎಸ್‌ಟಿ ರಿಟರ್ನ್ ಕೇಳುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುತ್ತಾರೆ. ಆ ಹಂತದಲ್ಲಿ ಷರತ್ತು ಬದಲಾದದ್ದೂ ಉಂಟು, ವ್ಯವಹಾರವೇ ಮುರಿದದ್ದೂ ಉಂಟು.

ಹಾಗಾದರೆ ಯಾವ ಘಳಿಗೆಯನ್ನು ನೋಡಬೇಕು? ಬಂದವರ ಭಾಷಣ ಮುಗಿದು, ರುಚಿ ನೋಡುವುದು ಮುಗಿದು, ಕುರ್ಚಿಯಲ್ಲಿದ್ದವರಲ್ಲೊಬ್ಬರು “ಒಂದು ಪೀಸ್ ಮಾರಿದರೆ ನಿಮಗೆ ಎಷ್ಟು ಉಳಿಯುತ್ತದೆ?” ಎಂದು ಕೇಳುತ್ತಾರಲ್ಲ, ಆ ಘಳಿಗೆ. ಆಗ ನಿಂತವರ ಮುಖ ನೋಡು. ಲೆಕ್ಕ ಬಾಯಲ್ಲಿರುವವರು ಪಟ್ಟನೆ ಹೇಳುತ್ತಾರೆ. ಇಲ್ಲದವರು ಅಕ್ಕಪಕ್ಕದ ಪಾಲುದಾರನ ಮುಖ ನೋಡುತ್ತಾರೆ. ನನ್ನ ಮೇಜಿನ ಮುಂದೆಯೂ ಹೀಗೇ ಆಗುತ್ತಿತ್ತು. ಪ್ರಾಜೆಕ್ಟ್ ರಿಪೋರ್ಟ್ ಅನ್ನು ಯಾರೋ ಬರೆದುಕೊಟ್ಟಿರುತ್ತಿದ್ದರು, ಅಂದವಾಗಿ ಬೈಂಡ್ ಆಗಿರುತ್ತಿತ್ತು. ಪುಟ ಮುಚ್ಚಿಟ್ಟು ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿರಲಿಲ್ಲ. ಹಾಳೆ ಹಿಡಿಯಲು ಬಾರದಿದ್ದರೂ ರೊಟ್ಟಿಯ ಅಸಲನ್ನು ಬೆರಳ ತುದಿಯಲ್ಲಿ ಎಣಿಸಿ ಹೇಳಿದ ಹೆಂಗಸರನ್ನೂ ಕಂಡಿದ್ದೇನೆ. ಸಾಲ ಕೊಡಲು ನನಗೆ ಧೈರ್ಯ ಬರುತ್ತಿದ್ದದ್ದು ಅಂಥವರಿಗೆ.

ನಿನ್ನ ಚಟ್ನಿಪುಡಿಯದ್ದೇ ಲೆಕ್ಕ ಹಾಕೋಣ. ಅಂಕಿಗಳು ನನ್ನ ಅಂದಾಜಿನವು, ನೀನು ಪೇಟೆಗೆ ಹೋಗಿ ನಿಜವಾದದ್ದನ್ನು ತುಂಬಿಕೋ. 200 ಗ್ರಾಂ ಪೊಟ್ಟಣಕ್ಕೆ 120 ರೂಪಾಯಿ ಎಂದು ಛಾಪಿಸುತ್ತೀಯ. ಅಂಗಡಿಯವನಿಗೆ 30 ರೂಪಾಯಿ ಬಿಡಬೇಕು, ಡಿಸ್ಟ್ರಿಬ್ಯೂಟರ್‌ಗೆ 10. ನಿನ್ನ ಕೈಗೆ ಬರುವುದು 80. ಹುಚ್ಚೆಳ್ಳು, ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿ 38 ಎಂದಿಟ್ಟುಕೋ. ಪೌಚು, ಲೇಬಲ್ಲು, ರಟ್ಟಿನ ಡಬ್ಬಕ್ಕೆ 9. ಹುರಿಯುವ, ಕುಟ್ಟುವ, ತುಂಬುವ ಕೂಲಿ, ಗ್ಯಾಸು, ಕರೆಂಟು 12. ಸಾಗಣೆ 5. ಹರಿದು, ಅವಧಿ ಮೀರಿ ವಾಪಸ್ ಬರುವ ಪೊಟ್ಟಣಗಳ ನಷ್ಟ ಹಂಚಿದರೆ ಒಂದಕ್ಕೆ 4. ಒಟ್ಟು 68. ಉಳಿದದ್ದು 12 ರೂಪಾಯಿ. ತೆರಿಗೆಯನ್ನು ನಾನಿನ್ನೂ ಮುಟ್ಟಿಲ್ಲ.

ಆ 12 ರೂಪಾಯಿಯೇ ನಿನ್ನ ಲಾಭ ಎನ್ನಬೇಡ. ಶೆಡ್ಡಿನ ಬಾಡಿಗೆ, ಅಂಗಡಿ ಅಂಗಡಿ ಸುತ್ತುವ ಹುಡುಗನ ಸಂಬಳ, ಸಾಲದ ಬಡ್ಡಿ, ಫೋನು, ಜಾಹೀರಾತು ಸೇರಿ ತಿಂಗಳಿಗೆ 36,000 ಆದರೆ, ಬರೀ ಅದನ್ನು ಸರಿದೂಗಿಸಲು 3,000 ಪೊಟ್ಟಣ ಹೋಗಬೇಕು. ದಿನಕ್ಕೆ 100. ಅಷ್ಟಾದ ಮೇಲೆ 101ನೆಯ ಪೊಟ್ಟಣದಿಂದ ನಿನ್ನ ಊಟ. ಜೊತೆಗೆ ಅಂಗಡಿಯವನು ಸರಕು ತೆಗೆದುಕೊಂಡ ದಿನವೇ ದುಡ್ಡು ಕೊಡುವುದಿಲ್ಲ; ಕೊಬ್ಬರಿ ಮಂಡಿಯವನು ಕೈಯಲ್ಲಿ ದುಡ್ಡಿಲ್ಲದೆ ಮೂಟೆ ಎತ್ತಲು ಬಿಡುವುದಿಲ್ಲ. ಈ ನಡುವಿನ ದಿನಗಳನ್ನು ದಾಟಿಸುವ ದುಡ್ಡಿಗೇ ವರ್ಕಿಂಗ್ ಕ್ಯಾಪಿಟಲ್ ಎನ್ನುತ್ತಾರೆ. ಸರಕು ಚೆನ್ನಾಗಿದ್ದು, ಗಿರಾಕಿಯೂ ಇದ್ದು ಮುಚ್ಚಿಹೋದ ಘಟಕಗಳನ್ನು ನೋಡಿದ್ದೇನೆ. ಅವು ಸತ್ತದ್ದು ಇಲ್ಲಿ, ಈ ನಡುವಿನ ದಿನಗಳಲ್ಲಿ.

ಇನ್ನು ಪಾಲಿನ ವಿಚಾರ. ಇದನ್ನು ನಿಧಾನವಾಗಿ ಓದು, ಏಕೆಂದರೆ ಟಿ.ವಿ.ಯಲ್ಲಿ ಇದು ಹರಾಜಿನ ವೇಗದಲ್ಲಿ ಮುಗಿದುಹೋಗುತ್ತದೆ.

ಒಬ್ಬರು ಬಂದು “50 ಲಕ್ಷಕ್ಕೆ ಶೇ 5” ಎಂದು ಕೇಳಿದರೆ, ನನ್ನ ಇಡೀ ಕಂಪನಿಯ ಬೆಲೆ 10 ಕೋಟಿ ಎಂದು ಹೇಳಿದ ಹಾಗೆ. ವರ್ಷಕ್ಕೆ 5 ಲಕ್ಷ ಲಾಭವಿರುವ ಕಂಪನಿಯಾದರೆ, ಹಣ ಹಾಕಿದವನ ಪಾಲಿಗೆ ಬರುವುದು ವರ್ಷಕ್ಕೆ 25,000. ಆ ಲೆಕ್ಕದಲ್ಲಿ ಅವನ 50 ಲಕ್ಷ ವಾಪಸಾಗಲು 200 ವರ್ಷ ಬೇಕು. ಹಾಗಾದರೆ ಅವನು ಯಾಕೆ ಕೊಡುತ್ತಾನೆ? ಮುಂದೊಂದು ದಿನ ಇನ್ನೂ ದೊಡ್ಡ ಹಣವಂತನಿಗೋ ದೊಡ್ಡ ಕಂಪನಿಗೋ ಷೇರುಪೇಟೆಗೋ ಆ ಪಾಲನ್ನು ಹತ್ತು ಪಟ್ಟಿಗೆ ಮಾರಬಹುದು ಎಂಬ ನಂಬಿಕೆಯಿಂದ. ಅದರಲ್ಲಿ ತಪ್ಪೇನಿಲ್ಲ, ಅವನ ಉದ್ಯೋಗವೇ ಅದು. ಆದರೆ ಅವನ ದುಡ್ಡು ತೆಗೆದುಕೊಂಡ ಕ್ಷಣಕ್ಕೆ ನೀನು ಒಂದು ಮಾತು ಕೊಟ್ಟಂತಾಯಿತು: ಹತ್ತು ಪಟ್ಟು ಬೆಳೆಸುತ್ತೇನೆ, ಬೇಗ ಬೆಳೆಸುತ್ತೇನೆ, ಒಂದು ದಿನ ಮಾರಾಟಕ್ಕೂ ಒಪ್ಪುತ್ತೇನೆ. ಒಂದೇ ತಾಲ್ಲೂಕಿನಲ್ಲಿ ಹತ್ತು ಹೆಂಗಸರಿಗೆ ಕೆಲಸ ಕೊಟ್ಟು, ಮರ್ಯಾದೆಯಿಂದ ನಡೆಸಿ, ಮಗಳ ಕೈಗೆ ಒಪ್ಪಿಸುವ ಉದ್ಯೋಗ ನಿನ್ನ ಮನಸ್ಸಿನಲ್ಲಿದ್ದರೆ ಆ ಮಾತು ನಿನ್ನಿಂದ ನಡೆಯುವಂಥದ್ದಲ್ಲ. ಅವರು “ಇದು ನನಗೆ ಹೊಂದುವುದಿಲ್ಲ” ಎಂದು ಹೊರಗುಳಿದರೆ ನಿನ್ನ ಕೆಲಸ ಕೀಳು ಎಂದರ್ಥವಲ್ಲ, ಅವರ ದುಡ್ಡಿಗೆ ಬೇಕಾದ ಜಾತಿಯ ಕೆಲಸ ಅದಲ್ಲ ಅಷ್ಟೆ.

ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಸಾಲ ಎಂದರೆ ಹೊಲವನ್ನು ಭೋಗ್ಯಕ್ಕೆ ಹಾಕಿದಂತೆ. ದುಡ್ಡು ಕಟ್ಟಿದ ದಿನ ಹೊಲ ನಿನ್ನದೇ. ಪಾಲು ಕೊಡುವುದೆಂದರೆ ಕ್ರಯಪತ್ರ ಬರೆದುಕೊಟ್ಟಂತೆ. ಬೆವರು ನಿನ್ನದೇ ಇರಬಹುದು, ಆ ಮೂಲೆಯ ಫಸಲು ಇನ್ನು ಅವರದು.

ಮೊದಲ ಸೀಸನ್ನಿನಲ್ಲಿ ಮಾಲೇಗಾಂವದ ಕಮಲೇಶ್ ಘುಮರೆ ಬಂದದ್ದನ್ನು ನೀನೂ ನೋಡಿರುತ್ತೀಯ, ಜುಗಾಡೂ ಕಮಲೇಶ್ ಎಂದೇ ಹೆಸರಾದ. ರೈತರು ಬೆನ್ನ ಮೇಲೆ ಔಷಧಿಯ ಪಂಪು ಹೊತ್ತು ಹೊಲ ಸುತ್ತುವುದನ್ನು ತಪ್ಪಿಸಲು, ತಳ್ಳಿಕೊಂಡು ಹೋಗಿ ಸಿಂಪಡಿಸುವ ಗಾಡಿ ಕಟ್ಟಿದ್ದ. ಅವನು ಕೇಳಿದ್ದು ಶೇ 10ಕ್ಕೆ 30 ಲಕ್ಷ. ಪೀಯೂಷ್ ಬನ್ಸಲ್ ಕೊಟ್ಟದ್ದೂ 30 ಲಕ್ಷವೇ, ಆದರೆ ಬೇರೆ ರೀತಿಯಲ್ಲಿ: ಶೇ 40ರ ಪಾಲಿಗೆ 10 ಲಕ್ಷ, ಉಳಿದ 20 ಲಕ್ಷ ಬಡ್ಡಿಯಿಲ್ಲದ ಸಾಲ. ದೇಶವೇ ಕಣ್ಣೊರೆಸಿಕೊಂಡ ಕಂತು ಅದು, ನನ್ನ ಕಣ್ಣೂ ಒದ್ದೆಯಾಯಿತು. ಆದರೆ ಗಣಿತ ನೋಡು. ಅವನು ಹೇಳಿದ ಬೆಲೆ 3 ಕೋಟಿ, ಒಪ್ಪಿದ ಬೆಲೆ 25 ಲಕ್ಷ. ಅವನು ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅವನ ಕೈಯಲ್ಲಿದ್ದದ್ದು ಒಂದು ಮಾದರಿ ಗಾಡಿ. ಅದನ್ನು ಕಾರ್ಖಾನೆಯ ಸರಕಾಗಿಸಲು ಅವನಿಗೆ ದುಡ್ಡಿಗಿಂತ ಹೆಚ್ಚಾಗಿ ಜೊತೆಗೊಬ್ಬ ತಿಳಿದವನು ಬೇಕಿತ್ತು. ನಿನ್ನದು ಹಾಗಲ್ಲ. ಚಟ್ನಿಪುಡಿಯನ್ನು ಯಾರೂ ಹೊಸದಾಗಿ ಕಂಡುಹಿಡಿಯಬೇಕಿಲ್ಲ. ನಾಳೆ ಬೆಳಿಗ್ಗೆಯೇ ಹುರಿದು, ಸಂಜೆಗೆ ಮಾರಿ, ಯಾರು ಮತ್ತೆ ಕೇಳುತ್ತಾರೆ ಎಂದು ಕಾಯಬಹುದು.

ಬೆಲೆಕಟ್ಟುವ ಈ ಅಂಕಿಗಳ ಮೇಲೆ ಮೋಹ ಬೆಳೆಸಿಕೊಳ್ಳಬೇಡ. ಬೆಂಗಳೂರಿನಲ್ಲೇ ಬೆಳೆದ ಬೈಜೂಸ್ ಕಂಪನಿಗೆ ಹೂಡಿಕೆದಾರರು 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರ ಜುಲೈನಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಹೋಯಿತು. ತಿರಸ್ಕಾರವನ್ನೂ ಅಷ್ಟೇ ಹಗುರವಾಗಿ ತೆಗೆದುಕೋ. 2013ರಲ್ಲಿ ಅಮೆರಿಕದ ಶಾರ್ಕ್ ಟ್ಯಾಂಕಿಗೆ ಜೇಮಿ ಸಿಮಿನಾಫ್ ಎಂಬಾತ, ಬಾಗಿಲ ಗಂಟೆ ಒತ್ತಿದವರ ಮುಖವನ್ನು ಫೋನಿನಲ್ಲೇ ತೋರಿಸುವ ಉಪಕರಣ ಹಿಡಿದು ಬಂದ. ಕೇಳಿದ್ದು ಶೇ 10ಕ್ಕೆ 7 ಲಕ್ಷ ಡಾಲರ್. ಒಬ್ಬರು ಸಾಲದ ರೂಪದಲ್ಲಿ ಮುಂದೆ ಬಂದರು, ಷರತ್ತು ಹಿಡಿಸದೆ ಇವನು ಬರಿಗೈಯಲ್ಲಿ ಹೊರಟ. ಅದೇ ಉಪಕರಣ ರಿಂಗ್ ಎಂದು ಹೆಸರಾಯಿತು, 2018ರಲ್ಲಿ ಅಮೆಜಾನ್ ಆ ಕಂಪನಿಯನ್ನು 100 ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. ಆ ವರ್ಷ ಅವನು ಅದೇ ಕಾರ್ಯಕ್ರಮಕ್ಕೆ ಬಂದು ಕುರ್ಚಿಯ ಮೇಲೆ ಕೂತ. ಕುರ್ಚಿಯಲ್ಲಿ ಕೂತವರು ಮನುಷ್ಯರು, ಅವರ ಅಂದಾಜೂ ತಪ್ಪುತ್ತದೆ.

ದುಡ್ಡು ಬರುವ ದಾರಿಗಳಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಗಿರಾಕಿಯ ದುಡ್ಡನ್ನು. ಅದಕ್ಕೆ ಬಡ್ಡಿಯಿಲ್ಲ, ಪಾಲಿಲ್ಲ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ ಚಿಕ್ಕಂದಿನಲ್ಲೇ ಮುಂಬೈಗೆ ಹೋದವರು, ಅಣ್ಣನ ಹೋಟೆಲಿನಲ್ಲಿ ದುಡಿದವರು. 1984ರಲ್ಲಿ ಜುಹುವಿನಲ್ಲಿ ಅಂಗಡಿ ತೆರೆದಾಗ ಅವರ ಮನಸ್ಸಿನಲ್ಲಿದ್ದದ್ದು ಹಾಲು, ಸಕ್ಕರೆ, ನಿಜವಾದ ಹಣ್ಣಿನ ಐಸ್‌ಕ್ರೀಮು. ಆದರೆ ಬರೀ ಐಸ್‌ಕ್ರೀಮಿಗಾಗಿ ಜನ ಬರುವರೋ ಇಲ್ಲವೋ. ಅದಕ್ಕೆ ಪಾವ್‌ಭಾಜಿಯನ್ನೂ ಇಟ್ಟರು. ಖಾರ ತಿಂದವರು ತಂಪಿಗೆ ಕೈ ಚಾಚಿದರು. ಅಂಗಡಿಯ ಖರ್ಚನ್ನು ಪಾವ್‌ಭಾಜಿ ಹೊತ್ತಿತು, ಐಸ್‌ಕ್ರೀಮಿನ ರುಚಿ ಬಾಯಿಂದ ಬಾಯಿಗೆ ಹರಡಿತು. ಐಸ್‌ಕ್ರೀಮು ತನ್ನ ಕಾಲ ಮೇಲೆ ನಿಂತ ಮೇಲೆ ಪಾವ್‌ಭಾಜಿಯನ್ನು ಕೈಬಿಟ್ಟರು. ಅದೇ ನ್ಯಾಚುರಲ್ಸ್. 2024ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ದೇಶದ ಹತ್ತಾರು ಊರುಗಳಲ್ಲಿ ಅವರ ಅಂಗಡಿಗಳಿದ್ದವು. ನಿನ್ನ ಪಾವ್‌ಭಾಜಿ ಯಾವುದು ಎಂದು ಯೋಚಿಸು. ಸದ್ಯಕ್ಕೆ ಅದು ನಿನ್ನ ಬೆಂಗಳೂರಿನ ಸಂಬಳವೇ ಇರಬಹುದು.

ಬೆಂಗಳೂರಿನ ಐಡಿ ಫ್ರೆಶ್‌ನದ್ದೂ ಇದೇ ದಾರಿ. ಪಿ.ಸಿ. ಮುಸ್ತಫಾ ಮತ್ತವರ ಸೋದರಸಂಬಂಧಿಗಳು 2005ರಲ್ಲಿ ಪುಟ್ಟ ಅಡುಗೆಮನೆಯೊಂದರಲ್ಲಿ ದೋಸೆಹಿಟ್ಟು ರುಬ್ಬಿ ಅಂಗಡಿಗಳಿಗೆ ಹಾಕತೊಡಗಿದರು. ದೊಡ್ಡ ಹೂಡಿಕೆ ಸಂಸ್ಥೆಯ ಹಣ ಬಂದದ್ದು 2014ರಲ್ಲಿ, ಹಿಟ್ಟಿಗೆ ಗಿರಾಕಿ ಇದ್ದಾರೆ ಎಂದು ವರ್ಷಗಟ್ಟಲೆ ಸಾಬೀತಾದ ಮೇಲೆ. ಆಗ ಪಾಲು ಕೊಡುವವನ ಮಾತಿಗೆ ತೂಕ ಬರುತ್ತದೆ.

ಎರಡನೆಯದು ಬ್ಯಾಂಕಿನ ಸಾಲ. ಟಿ.ವಿ.ಯಲ್ಲಿ ಇದಕ್ಕೆ ಜಾಗವಿಲ್ಲ, ಸಾಲ ಮಂಜೂರಾದದ್ದನ್ನು ನೋಡಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಆದರೆ ನಮ್ಮ ರಾಜ್ಯದ ಸಣ್ಣ ಉದ್ಯೋಗಗಳು ಬೆಳೆದದ್ದು ಹೆಚ್ಚಾಗಿ ಇದರಿಂದಲೇ. ಪ್ರಧಾನಮಂತ್ರಿಗಳ ಉದ್ಯೋಗ ಸೃಜನ ಯೋಜನೆ, ಬ್ಯಾಂಕಿನಲ್ಲಿ ಎಲ್ಲರೂ ಪಿಎಂಇಜಿಪಿ ಎನ್ನುತ್ತಾರೆ, ಅದು 2008ರಿಂದ ನಡೆದುಬಂದದ್ದು. ತಯಾರಿಕಾ ಘಟಕಕ್ಕೆ 50 ಲಕ್ಷದವರೆಗಿನ ಯೋಜನೆ ಹಾಕಬಹುದು. ಹಳ್ಳಿಯಲ್ಲಿ ಘಟಕ ಮಾಡುವ ಹೆಣ್ಣುಮಕ್ಕಳು ತಮ್ಮ ಕೈಯಿಂದ ಹಾಕಬೇಕಾದದ್ದು ಶೇ 5, ಸಿಗುವ ಸಬ್ಸಿಡಿ ಶೇ 35. ಆ ಸಬ್ಸಿಡಿ ನೇರ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಚಿತವಾದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ಆಸೆಗೇ ಉದ್ಯೋಗ ಮಾಡುವವರು ಎಡವುವುದು ಇಲ್ಲಿಯೇ. ಅಷ್ಟು ದೊಡ್ಡದು ಬೇಡವೆಂದರೆ ಮುದ್ರಾ ಇದೆ, ಶಿಶು ವಿಭಾಗದಲ್ಲಿ 50,000ದವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ, ತರುಣದಲ್ಲಿ 10 ಲಕ್ಷದವರೆಗೆ. ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಆ ದಿನದ ನಿಯಮ ಏನಿದೆ ಎಂದು ನೀನೇ ಕೇಳಿಕೋ, ಮಧ್ಯವರ್ತಿಯನ್ನು ನಂಬಬೇಡ. ಸಾಧ್ಯವಾದರೆ ರುಡ್‌ಸೆಟ್ ತರಬೇತಿಗೆ ಸೇರು. 1982ರಲ್ಲಿ ಉಜಿರೆಯಲ್ಲಿ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಆರಂಭಿಸಿದ ಈ ಸಂಸ್ಥೆಯ ಮಾದರಿಯಲ್ಲೇ ಇವತ್ತು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಆರ್‌ಸೆಟಿ ಕೇಂದ್ರ ನಡೆಸುತ್ತಿವೆ. ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತಾರೆ. ಡಿಗ್ರಿ ಮಾಡಿದವಳು ಅಲ್ಲಿ ಹೋಗಿ ಕೂರುವುದೇ ಎಂದು ಹಿಂಜರಿಯಬೇಡ.

ಮೊದಲ ಪೊಟ್ಟಣ ಮಾರಿದ ದಿನದಿಂದಲೇ ಬೇರೆ ಖಾತೆ ತೆರೆ. ವ್ಯಾಪಾರದ ದುಡ್ಡಿನಲ್ಲಿ ಮನೆಯ ಹಾಲು, ತರಕಾರಿ ತರಬಾರದು. ಸಣ್ಣದಾದರೂ ನಿನಗೊಂದು ಸಂಬಳ ಗೊತ್ತುಮಾಡಿಕೊಂಡು ಅಷ್ಟನ್ನೇ ತೆಗೆದುಕೋ. ಸಿಂಡಿಕೇಟ್ ಬ್ಯಾಂಕ್ ಕಟ್ಟಿದವರಲ್ಲೊಬ್ಬರಾದ ಟಿ.ಎಂ.ಎ. ಪೈಯವರು 1928ರಲ್ಲಿ ಪಿಗ್ಮಿ ಎಂಬ ದಿನದ ಉಳಿತಾಯ ಶುರುಮಾಡಿ, ದಿನಕ್ಕೆ 2 ಆಣೆಯಂತೆ ಮನೆ ಬಾಗಿಲಿಗೆ ಹೋಗಿ ಕೂಡಿಸಿದರು. ಆ 2 ಆಣೆಗಳನ್ನು ಕೂಡಿಸಿಕೊಂಡೇ ಕರಾವಳಿಯ ಎಷ್ಟೋ ಜನ ಹೋಟೆಲು, ಅಂಗಡಿ ಇಟ್ಟರು. ನೀನೂ ದಿನದ ಗಲ್ಲಾದಿಂದ ಒಂದಿಷ್ಟನ್ನು ಕಣ್ಣಿಗೆ ಬೀಳದ ಹಾಗೆ ತೆಗೆದಿಡು, ಕೊಬ್ಬರಿ ಬೆಲೆ ಏರಿದ ತಿಂಗಳು ಅದು ಕೈಹಿಡಿಯುತ್ತದೆ.

ಇನ್ನೊಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ನಿಮ್ಮಮ್ಮನ ಒಡವೆ, ನಿಮ್ಮಪ್ಪನ ಪಿಎಫ್ ದುಡ್ಡು, ಮನೆಯ ಪತ್ರ, ಈ ಮೂರನ್ನೂ ಮುಟ್ಟಬೇಡ. ಅವರೇ ತಂದು ಕೊಟ್ಟರೂ ಬೇಡ ಎನ್ನು. ಮನೆ ಅಡ ಇಟ್ಟು ಬಂದೆ ಎಂದು ಒಬ್ಬರು ಟಿ.ವಿ.ಯಲ್ಲಿ ಹೇಳಿದಾಗ ಸಂಗೀತ ಏರುತ್ತದೆ, ಅದನ್ನು ಧೈರ್ಯ ಎಂದು ತೋರಿಸುತ್ತಾರೆ. ಅಡ ಇಟ್ಟ ಮನೆ ಹರಾಜಿಗೆ ಬಂದ ದಿನ ಅದೇ ಮನೆಯ ಹಿರಿಯರು ಬ್ಯಾಂಕಿನ ಬೆಂಚಿನ ಮೇಲೆ ಹೇಗೆ ಕೂತಿರುತ್ತಾರೆ ಎನ್ನುವುದನ್ನು ನಾನು ನೋಡಿದ್ದೇನೆ. ಗೆಳತಿಯ ಜೊತೆ ಸೇರಿ ಮಾಡುವುದಾದರೆ, ಯಾರು ಎಷ್ಟು ಹಾಕುತ್ತೀರಿ, ಯಾರು ಯಾವ ಕೆಲಸ ನೋಡುತ್ತೀರಿ, ನಡುವೆ ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಪಾಲು ಏನಾಗುತ್ತದೆ, ಇದೆಲ್ಲ ಸ್ನೇಹ ಚೆನ್ನಾಗಿರುವಾಗಲೇ ಬರೆದು ಸಹಿ ಹಾಕಿ.

ರಾಜೀನಾಮೆ ಈಗಲೇ ಕೊಡಬೇಡ. ದೊಡ್ಡಮ್ಮ ಹುಚ್ಚೆಳ್ಳು ಹುರಿಯುವ ಹದವನ್ನು ಹತ್ತಿರ ನಿಂತು ತೂಕದಲ್ಲಿ, ನಿಮಿಷದಲ್ಲಿ ಬರೆದುಕೋ. ಅವಳು “ಒಂದು ಹಿಡಿ” ಎಂದದ್ದು ಎಷ್ಟು ಗ್ರಾಂ ಎಂದು ತಕ್ಕಡಿಗೆ ಹಾಕಿ ನೋಡು. ಹುಚ್ಚೆಳ್ಳಿನಲ್ಲಿ ಎಣ್ಣೆ ಜಾಸ್ತಿ, ಇಟ್ಟರೆ ಕಮಟು ವಾಸನೆ ಬರುತ್ತದೆ. ಒಂದೇ ದಿನ ತುಂಬಿದ ಪೊಟ್ಟಣಗಳನ್ನು ಸಾಲಾಗಿಟ್ಟು ಹದಿನೈದು ದಿನಕ್ಕೊಂದರಂತೆ ಒಡೆದು ಮೂಸಿ ನೋಡು. ಎಷ್ಟನೆಯ ವಾರಕ್ಕೆ ವಾಸನೆ ತಿರುಗಿತೋ ಅದಕ್ಕಿಂತ ಸಾಕಷ್ಟು ಮುಂಚಿನ ದಿನಾಂಕವನ್ನೇ ಲೇಬಲ್ಲಿನ ಮೇಲೆ ಹಾಕಬೇಕು. ಶನಿವಾರ, ಭಾನುವಾರ ನಿನ್ನ ಬಡಾವಣೆಯಲ್ಲಿ ಪೂರ್ತಿ ಬೆಲೆಗೆ ಮಾರು, ನೆಂಟರಿಗೂ ಬಿಟ್ಟಿ ಕೊಡಬೇಡ. ಎರಡನೆಯ ಸಲ ತಾವಾಗಿ ಕೇಳಿ ಕೊಂಡವರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆ. ದೀಪಾವಳಿಗೆ ಬರುವಾಗ ಆ ಹಾಳೆಯನ್ನೂ ಖರ್ಚಿನ ಪುಸ್ತಕವನ್ನೂ ತಾ. ಸಾಲವೋ, ಪಾಲೋ, ಇನ್ನೊಂದು ವರ್ಷ ನಿನ್ನ ಸಂಬಳವೇ ಸಾಕೋ ಎನ್ನುವುದನ್ನು ಅವೆರಡನ್ನೂ ಮುಂದಿಟ್ಟುಕೊಂಡು ನೋಡೋಣ, ನಿಮ್ಮಪ್ಪನೂ ಜೊತೆಗಿರಲಿ.